ಕ್ಯಾಮೆರಾ ಮುಂದೆ ಉತ್ತರಿಸಬೇಕಾದವರು

2020ರ ಏಪ್ರಿಲ್‌ನಲ್ಲಿ ಜೂಮ್ ಕಂಪನಿಯ ಮುಖ್ಯಸ್ಥ ಎರಿಕ್ ಯುವಾನ್ ವಾರಕ್ಕೊಮ್ಮೆ, ಬುಧವಾರದಂದು, ಕ್ಯಾಮೆರಾ ಮುಂದೆ ಕೂತು ಬಳಕೆದಾರರ ಪ್ರಶ್ನೆಗಳಿಗೆ ಉತ್ತರ ಕೊಡಲು ಶುರುಮಾಡಿದರು. ಅದಕ್ಕೆ ಕಾರಣವಿತ್ತು. ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 1 ಕೋಟಿ ಇದ್ದ ಜೂಮ್ ಸಭೆಗಳ ಹಾಜರಿ ಮಾರ್ಚ್ ಹೊತ್ತಿಗೆ 20 ಕೋಟಿ ದಾಟಿತ್ತು. ಮಕ್ಕಳ ಆನ್‌ಲೈನ್ ತರಗತಿಗಳಿಗೆ ಅಪರಿಚಿತರು ನುಗ್ಗಿ ಅಸಭ್ಯವಾಗಿ ವರ್ತಿಸುತ್ತಿದ್ದರು. ಎನ್‌ಕ್ರಿಪ್ಶನ್ ಬಗ್ಗೆ ಕಂಪನಿ ಹೇಳಿಕೊಂಡಿದ್ದ ಮಾತು ನಿಜವಲ್ಲವೆಂದು ಬಯಲಾಗಿತ್ತು. ಮೊದಲು ಯುವಾನ್ ಒಂದು ದೀರ್ಘ ಬರಹದಲ್ಲಿ ಕ್ಷಮೆ ಕೇಳಿದರು. 90 ದಿನ ಹೊಸ ಸೌಲಭ್ಯಗಳ ಕೆಲಸ ನಿಲ್ಲಿಸಿ ಸುರಕ್ಷತೆಯ ಕೆಲಸವನ್ನಷ್ಟೇ ಮಾಡುತ್ತೇವೆಂದು ಅದರಲ್ಲಿ ಮಾತು ಕೊಟ್ಟರು. ಆ ಮಾತಿನ ಲೆಕ್ಕ ಒಪ್ಪಿಸಲು ವಾರವಾರ ವಿಡಿಯೊದಲ್ಲಿ ಬಂದರು. ಐದು ವರ್ಷಗಳ ನಂತರ, 2025ರ ಮೇ ತಿಂಗಳಲ್ಲಿ, ಅದೇ ಕಂಪನಿಯ ತ್ರೈಮಾಸಿಕ ಫಲಿತಾಂಶದ ಸಭೆಯಲ್ಲಿ ಆರಂಭದ ಮಾತುಗಳನ್ನು ಆಡಿದ್ದು ಯುವಾನ್ ಅಲ್ಲ. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಅವರ ಪ್ರತಿರೂಪ ಅವರದೇ ಮುಖ, ಅವರದೇ ದನಿಯಲ್ಲಿ ಆ ಮಾತುಗಳನ್ನು ಆಡಿತು. ಹೂಡಿಕೆದಾರರ ಪ್ರಶ್ನೆಗಳ ಸರದಿ ಬಂದಾಗ ಮಾತ್ರ ಅವರೇ ಬಂದು ಕೂತರು. ಅದೇ ದಿನಗಳಲ್ಲಿ ಸ್ವೀಡನ್ನಿನ ಕ್ಲಾರ್ನಾ ಕಂಪನಿಯ ಮುಖ್ಯಸ್ಥರ ಬದಲಿಗೂ ಇಂಥದೇ ಪ್ರತಿರೂಪ ಫಲಿತಾಂಶ ಓದಿತ್ತು.

ತಂತ್ರಜ್ಞಾನ ಉದ್ಯಮದ ನಾಯಕರು ವಿಡಿಯೊವನ್ನು ಹೇಗೆ ಬಳಸುತ್ತಿದ್ದಾರೆ ಎಂಬುದನ್ನು ಜೂಮ್‌ನ ಈ ಎರಡು ಘಟನೆಗಳಿಂದ ಅಳೆಯಬಹುದು. ವಿಡಿಯೊದ ನಿಜವಾದ ಬೆಲೆ ಇರುವುದು ಅದು ಮಾತಾಡುವವನನ್ನು ಒಡ್ಡಿಕೊಳ್ಳುವಂತೆ ಮಾಡುವುದರಲ್ಲಿ. ತಡವರಿಕೆ, ಮೌನ, ನಿರೀಕ್ಷಿಸದ ಪ್ರಶ್ನೆ, ಕೈಕೊಟ್ಟ ಯಂತ್ರ ಇವೆಲ್ಲ ಕಾಣುವಂತಿದ್ದಾಗ ನೋಡುವವರಿಗೆ ತಮ್ಮ ನಾಯಕನನ್ನು ತೂಗಿ ನೋಡಲು ಏನಾದರೂ ಸಿಗುತ್ತದೆ. ಅವನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಉಳಿಯುವುದು ಜಾಹೀರಾತು. ಕಳೆದ ಐದಾರು ವರ್ಷಗಳಲ್ಲಿ ಈ ಉದ್ಯಮದ ದೊಡ್ಡ ನಾಯಕರು ಒಡ್ಡಿಕೊಳ್ಳಬೇಕಾದ ಕಡೆ ಹೊಳಪು ಕೊಟ್ಟಿದ್ದಾರೆ, ಬರೆಯಬೇಕಾದ ಕಡೆ ವಿಡಿಯೊ ಮಾಡಿದ್ದಾರೆ. ಹೀಗೆ ಮಾಡಿ ಸಾಧನವನ್ನೂ ತಮ್ಮ ಮಾತಿನ ತೂಕವನ್ನೂ ಕಳೆದುಕೊಂಡಿದ್ದಾರೆ ಎಂಬುದು ನನ್ನ ವಾದ.

ವಿಡಿಯೊ ಪರವಾಗಿ ತರಬೇತಿ ಶಿಬಿರಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಲೆಕ್ಕವನ್ನು ಮೊದಲು ಪಕ್ಕಕ್ಕಿಡಬೇಕು. ಸಂವಹನದಲ್ಲಿ ಪದಗಳ ಪಾಲು ಬರೀ 7 ಶೇಕಡ, ದನಿಯದು 38, ಮುಖಭಾವದ್ದು 55 ಎಂಬುದೇ ಆ ಲೆಕ್ಕ. ಇದರ ಮೂಲ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಧ್ವನಿಮುದ್ರಿಸಿದ ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖಗಳ ಫೋಟೊ ತೋರಿಸಿ, ಹೇಳಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೇ ಇಲ್ಲವೇ ಎಂದು ಅಲ್ಲಿ ಕೇಳಲಾಗಿತ್ತು. ಭಾವನೆಗಳ ವಿಷಯಕ್ಕೆ ಮಾತ್ರ ಈ ಅಂಕಿಗಳು ಸಲ್ಲುತ್ತವೆ, ಎಲ್ಲ ಸಂವಹನಕ್ಕೂ ಅಲ್ಲ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಕಂಪನಿ ಯಾವ ಮಾರುಕಟ್ಟೆ ಬಿಡುತ್ತಿದೆ, ಯಾಕೆ ಬಿಡುತ್ತಿದೆ, ಯಾರ ಕೆಲಸ ಹೋಗುತ್ತದೆ ಎಂಬುದು ಮುಖ ನೋಡಿ ತಿಳಿಯುವ ವಿಷಯವಲ್ಲ. ಅದಕ್ಕೆ ವಾಕ್ಯಗಳು ಬೇಕು, ಹಿಂದಕ್ಕೆ ಹೋಗಿ ಮತ್ತೆ ಓದಲು ಅವಕಾಶ ಬೇಕು. ವೇಗದ ಮಾತೂ ಇದೆ. ಇಂಗ್ಲಿಷಿನ ಕಥೇತರ ಬರಹವನ್ನು ವಯಸ್ಕರು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು ಬೆಲ್ಜಿಯಂನ ಸಂಶೋಧಕ ಮಾರ್ಕ್ ಬ್ರಿಸ್‌ಬಾರ್ಟ್ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2019ರಲ್ಲಿ ತೋರಿಸಿದರು. ಸಾವಧಾನದ ಭಾಷಣ 150ರ ಆಸುಪಾಸಿನಲ್ಲಿರುತ್ತದೆ. ಮಾಹಿತಿ ದಾಟಿಸುವುದೇ ಉದ್ದೇಶವಾದರೆ ಸಾವಿರಾರು ನೌಕರರನ್ನು ಇಪ್ಪತ್ತು ನಿಮಿಷದ ವಿಡಿಯೊ ಮುಂದೆ ಕೂರಿಸುವುದು ಅವರ ಸಮಯಕ್ಕೆ ಮಾಡುವ ಅನ್ಯಾಯ.

ಜೆಫ್ ಬೆಜೋಸ್ ಇದನ್ನು ಬಹಳ ಹಿಂದೆಯೇ ಅರಿತಿದ್ದರು. 2004ರ ಜೂನ್‌ನಲ್ಲಿ ಅವರು ಅಮೆಜಾನಿನ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ಅನ್ನು ಹೊರಗಿಟ್ಟರು. ಅದರ ಬದಲು ಆರು ಪುಟ ಮೀರದ ಟಿಪ್ಪಣಿ ಬರೆದು ತರಬೇಕು, ಸಭೆ ಶುರುವಾದಾಗ ಎಲ್ಲರೂ ಮೌನವಾಗಿ ಅದನ್ನು ಓದಬೇಕು, ಆಮೇಲೆ ಚರ್ಚೆ. ವಾಕ್ಯವಾಗಿ ಬರೆಯುವಾಗ ಯಾವುದು ಮುಖ್ಯ, ಯಾವುದರಿಂದ ಯಾವುದು ಹೊರಡುತ್ತದೆ ಎಂದು ಬರೆಯುವವನೇ ತೀರ್ಮಾನಿಸಬೇಕಾಗುತ್ತದೆ, ಚುಕ್ಕಿ ಹಾಕಿದ ಪಟ್ಟಿಯಲ್ಲಿ ಅದನ್ನು ತಪ್ಪಿಸಿಕೊಳ್ಳಬಹುದು ಎಂಬುದು ಅವರ ಕಾರಣ. ವಿಡಿಯೊದಲ್ಲಿ ತಪ್ಪಿಸಿಕೊಳ್ಳುವುದು ಇನ್ನೂ ಸುಲಭ. ಸಂಗೀತ, ಬೆಳಕು, ನಗು, ದೃಶ್ಯದಿಂದ ದೃಶ್ಯಕ್ಕೆ ಜಿಗಿತ, ಇವು ವಾದದ ನಡುವಿನ ಬಿರುಕನ್ನು ಮುಚ್ಚಿಬಿಡುತ್ತವೆ.

ಆ ಬಿರುಕು ಹೇಗೆ ಮುಚ್ಚುತ್ತದೆ ಎಂಬುದಕ್ಕೆ ಈ ಉದ್ಯಮವೇ ಕೊಟ್ಟ ಪುರಾವೆಗಳಿವೆ. ಅತಿರೇಕದ್ದು ಲಾರಿ ತಯಾರಿಕೆಯ ನಿಕೋಲಾ ಕಂಪನಿಯದು. ಅದರ ಸ್ಥಾಪಕ ಟ್ರೆವರ್ ಮಿಲ್ಟನ್ ಕಾಲದಲ್ಲಿ, 2018ರ ಆರಂಭದಲ್ಲಿ, ಕಂಪನಿ ಒಂದು ವಿಡಿಯೊ ಹಾಕಿತು. ನೇರ ರಸ್ತೆಯಲ್ಲಿ ಬಿಳಿಯ ಲಾರಿ ವೇಗವಾಗಿ ಸಾಗುತ್ತಿರುವ ದೃಶ್ಯ. ಲಾರಿಯನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ದು ಕೆಳಗೆ ಉರುಳಲು ಬಿಟ್ಟಿದ್ದರು ಎಂಬುದು 2020ರಲ್ಲಿ ಹೊರಬಿತ್ತು. ಲಾರಿ ತನ್ನದೇ ಶಕ್ತಿಯಿಂದ ಓಡುತ್ತಿದೆಯೆಂದು ನಾವು ಹೇಳಿರಲಿಲ್ಲ ಎಂಬುದು ಕಂಪನಿಯ ಸಮಜಾಯಿಷಿಯಾಗಿತ್ತು. ಹೂಡಿಕೆದಾರರಿಗೆ ವಂಚಿಸಿದ ಆರೋಪದಲ್ಲಿ ಮಿಲ್ಟನ್ 2022ರಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. 2025ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ಕ್ಷಮಾದಾನ ಕೊಟ್ಟರು. ಗೂಗಲ್ ಅಂಥ ಕಂಪನಿಯಲ್ಲ. ಆದರೂ 2023ರ ಡಿಸೆಂಬರ್‌ನಲ್ಲಿ ಕೃತಕ ಬುದ್ಧಿಮತ್ತೆಯ ಮಾದರಿ ಜೆಮಿನಿಯನ್ನು ಪರಿಚಯಿಸಿದ ವಿಡಿಯೊದಲ್ಲಿ ಮನುಷ್ಯ ಚಿತ್ರ ಬಿಡಿಸುತ್ತಾ ಮಾತಾಡುತ್ತಿದ್ದಂತೆ ಯಂತ್ರ ಥಟ್ಟನೆ ಉತ್ತರಿಸುವಂತೆ ಕಂಡದ್ದು ಸಂಕಲನದ ಫಲ. ನಿಜಕ್ಕೂ ನಡೆದದ್ದು ಸ್ಥಿರಚಿತ್ರಗಳನ್ನು ಕೊಟ್ಟು, ಪ್ರಶ್ನೆಗಳನ್ನು ಬರೆದು ಪಡೆದ ಉತ್ತರಗಳು. ಆ್ಯಪಲ್‌ನ ಕಥೆ ಹೆಚ್ಚು ಬೇಸರ ತರುವಂಥದು, ಏಕೆಂದರೆ ವೇದಿಕೆಯ ಮೇಲಿನ ಪ್ರದರ್ಶನವನ್ನು ಒಂದು ಕಲೆಯಾಗಿ ಬೆಳೆಸಿದ್ದೇ ಆ ಕಂಪನಿ. 2010ರ ಜೂನ್‌ನಲ್ಲಿ ಐಫೋನ್ 4 ತೋರಿಸುವಾಗ ಸ್ಟೀವ್ ಜಾಬ್ಸ್ ಕೈಯಲ್ಲಿದ್ದ ಫೋನಿನಲ್ಲಿ ಪುಟ ತೆರೆಯಲೇ ಇಲ್ಲ. ಸಭಾಂಗಣದಲ್ಲಿ ಐನೂರಕ್ಕೂ ಹೆಚ್ಚು ವೈಫೈ ಸಾಧನಗಳು ಒಟ್ಟಿಗೆ ಚಾಲೂ ಇದ್ದವು. ದಯವಿಟ್ಟು ಲ್ಯಾಪ್‌ಟಾಪ್ ಮುಚ್ಚಿ, ವೈಫೈ ಆರಿಸಿ ಎಂದು ಅವರು ಸಭಿಕರನ್ನು ಕೇಳಿಕೊಳ್ಳಬೇಕಾಯಿತು. ಆ ಮುಜುಗರದಲ್ಲೂ ಒಂದು ಸಂಗತಿ ಖಚಿತವಿತ್ತು: ಫೋನು ಅಲ್ಲಿತ್ತು, ಎಲ್ಲರ ಕಣ್ಣೆದುರು ಕೆಲಸ ಮಾಡಲು ಹೆಣಗುತ್ತಿತ್ತು. ಕೋವಿಡ್ ಬಂದ ಮೇಲೆ, 2020ರ ಜೂನ್‌ನಿಂದ, ಆ್ಯಪಲ್ ತನ್ನ ಘೋಷಣೆಗಳನ್ನು ಮೊದಲೇ ಚಿತ್ರೀಕರಿಸತೊಡಗಿತು. ಪಿಡುಗು ಹಿಂದೆ ಸರಿದ ಮೇಲೂ ಹಳೆಯ ಕ್ರಮಕ್ಕೆ ಮರಳಲಿಲ್ಲ. ಕ್ಯುಪರ್ಟಿನೊದ ಆವರಣಕ್ಕೆ ಆಹ್ವಾನ ಪಡೆದು ಬಂದವರೂ ದೊಡ್ಡ ಪರದೆಯ ಮುಂದೆ ಕೂತು ಚಿತ್ರ ನೋಡಿ ಹೋಗುವಂತಾಯಿತು. 2024ರ ಜೂನ್‌ನ ಚಿತ್ರದಲ್ಲಿ, ಅಮ್ಮನ ವಿಮಾನ ಎಷ್ಟು ಹೊತ್ತಿಗೆ ಬರುತ್ತದೆಂದು ಧ್ವನಿ ಸಹಾಯಕ ಸಿರಿಯನ್ನು ಕೇಳಿದರೆ ಮೇಲ್, ಸಂದೇಶಗಳನ್ನೆಲ್ಲ ತಾನೇ ಹುಡುಕಿ ಹೇಳುವುದನ್ನು ತೋರಿಸಿದರು. ಆ ಸೌಲಭ್ಯ ಹೇಳಿದ ಕಾಲಕ್ಕೆ ಬರುವುದಿಲ್ಲವೆಂದು 2025ರ ಮಾರ್ಚ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ನೇರ ಪ್ರದರ್ಶನದ ವೇದಿಕೆಯಾಗಿದ್ದರೆ 2024ರ ಘೋಷಣೆಗೆ ಮೊದಲೇ ಯಾರಾದರೂ ಒಬ್ಬರು, ಇದು ಇನ್ನೂ ಆಗುತ್ತಿಲ್ಲ, ವೇದಿಕೆಗೆ ತರಲಾರೆವು ಎಂದು ಹೇಳಲೇಬೇಕಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಮೆಟಾ ಕಂಪನಿಯ ಸಮಾವೇಶದಲ್ಲಿ ನಡೆದದ್ದನ್ನು ನಾನು ಸೋಲೆಂದು ಎಣಿಸುವುದಿಲ್ಲ. ಮಾರ್ಕ್ ಜುಕರ್‌ಬರ್ಗ್ ಹೊಸ ಕನ್ನಡಕವನ್ನು ವೇದಿಕೆಯ ಮೇಲೆ ನೇರವಾಗಿ ತೋರಿಸಿದರು. ಅಡುಗೆ ಹೇಳಿಕೊಡಬೇಕಿದ್ದ ಸಹಾಯಕ ದಾರಿ ತಪ್ಪಿತು. ವಿಡಿಯೊ ಕರೆಯನ್ನು ಎಷ್ಟು ಸಲ ಪ್ರಯತ್ನಿಸಿದರೂ ಎತ್ತಲು ಆಗಲಿಲ್ಲ. ವೇದಿಕೆಯಲ್ಲಿ ದೋಷವನ್ನು ವೈಫೈ ತಲೆಗೆ ಕಟ್ಟಿದರು. ಆದರೆ ಕೆಲವೇ ದಿನಗಳಲ್ಲಿ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಆಂಡ್ರ್ಯೂ ಬಾಸ್‌ವರ್ತ್ ನಿಜ ಕಾರಣ ಬಿಡಿಸಿ ಹೇಳಿದರು. ಅಡುಗೆಯವರು ಸಹಾಯಕನನ್ನು ಕರೆದ ಕೂಡಲೇ ಕಟ್ಟಡದಲ್ಲಿದ್ದ ಎಲ್ಲ ಕನ್ನಡಕಗಳೂ ಒಟ್ಟಿಗೆ ಎಚ್ಚರಗೊಂಡವು. ಅವೆಲ್ಲವೂ ಪ್ರದರ್ಶನಕ್ಕೆಂದು ಮೀಸಲಿಟ್ಟ ಒಂದೇ ಸರ್ವರ್ ಮೇಲೆ ಬಿದ್ದವು. ಕರೆಯ ತೊಂದರೆಗೆ ಕಾರಣ ಬೇರೆಯೇ, ಅದುವರೆಗೆ ಕಣ್ಣಿಗೆ ಬೀಳದಿದ್ದ ಒಂದು ಬಗ್. ಒಂದು ಕಂಪನಿಯ ಎಂಜಿನಿಯರಿಂಗ್ ಬಗ್ಗೆ ಇಷ್ಟು ವಿಷಯ ಯಾವ ನಯವಾದ ಚಿತ್ರದಿಂದಲೂ ಹೊರಗಿನವರಿಗೆ ಸಿಕ್ಕುತ್ತಿರಲಿಲ್ಲ.

ಉತ್ಪನ್ನಗಳ ಮಾತು ಹಾಗಿರಲಿ, ಮನುಷ್ಯರ ಬದುಕಿಗೆ ತಾಗುವ ವಿಷಯದಲ್ಲಿ ವಿಡಿಯೊ ಹೆಚ್ಚು ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. 2021ರ ಡಿಸೆಂಬರ್ 1ರಂದು ಗೃಹಸಾಲದ ಬೆಟರ್ ಡಾಟ್ ಕಾಮ್ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್ ಅಮೆರಿಕ ಮತ್ತು ಭಾರತದ ಸುಮಾರು 900 ನೌಕರರನ್ನು ಜೂಮ್ ಕರೆಗೆ ಸೇರಿಸಿ, ಈ ಕರೆಯಲ್ಲಿರುವ ಎಲ್ಲರ ಕೆಲಸವೂ ಈಗಿಂದೀಗಲೇ ಹೋಯಿತೆಂದು ತಿಳಿಸಿದರು. ಮೂರು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯಿತು. ಕಳೆದ ಸಲ ಹೀಗೆ ಮಾಡಿದಾಗ ಅತ್ತಿದ್ದೆ, ಈ ಸಲ ಗಟ್ಟಿಯಾಗಿರಲು ಪ್ರಯತ್ನಿಸುತ್ತೇನೆ ಎಂದು ಅವರು ತಮ್ಮ ಬಗ್ಗೆಯೇ ಹೇಳಿಕೊಂಡರು. ಎದುರಿದ್ದವರಿಗೆ ಬಾಯಿ ತೆರೆಯಲು ಅವಕಾಶವಿರಲಿಲ್ಲ. ಇದಕ್ಕೆ ಎದುರಾಗಿ ನಿಲ್ಲಿಸಬೇಕಾದ ವಿಡಿಯೊ ಒಂದು ಹೋಟೆಲ್ ಕಂಪನಿಯದು, ಆದರೂ ಈ ವಿಷಯ ಬಂದಾಗ ಅದನ್ನು ಬಿಡುವಂತಿಲ್ಲ. 2020ರ ಮಾರ್ಚ್‌ನಲ್ಲಿ ಮ್ಯಾರಿಯಟ್ ಮುಖ್ಯಸ್ಥ ಆರ್ನೆ ಸೊರೆನ್ಸನ್ ಆರು ನಿಮಿಷಕ್ಕೆ ಹತ್ತಿರದ ಸಂದೇಶ ಕೊಟ್ಟರು. ಕ್ಯಾನ್ಸರ್ ಚಿಕಿತ್ಸೆಯಿಂದ ಅವರ ತಲೆಗೂದಲು ಉದುರಿತ್ತು. ಈ ರೂಪದಲ್ಲಿ ವಿಡಿಯೊ ಬೇಡವೇನೋ ಎಂದು ತಮ್ಮ ತಂಡ ಅಳುಕಿದ್ದನ್ನೂ ಅವರೇ ಹೇಳಿದರು. ಚೀನಾದ ಹೋಟೆಲುಗಳ ವ್ಯಾಪಾರ ಸುಮಾರು 90 ಶೇಕಡ ಕುಸಿದಿದ್ದನ್ನು, ಮಿಕ್ಕ ಬಹುತೇಕ ಕಡೆ ಮಾಮೂಲಿಗಿಂತ 75 ಶೇಕಡ ಕೆಳಗಿದ್ದನ್ನು ಮುಚ್ಚಿಡದೆ ತಿಳಿಸಿದರು. ಆ ವರ್ಷದ ಉಳಿದ ತಿಂಗಳುಗಳಲ್ಲಿ ತಾವು ಸಂಬಳ ತೆಗೆದುಕೊಳ್ಳುವುದಿಲ್ಲ, ಹಿರಿಯ ಅಧಿಕಾರಿಗಳ ಸಂಬಳ ಅರ್ಧ ಕಡಿತವಾಗುತ್ತದೆ ಎಂದರು. ಸಹೋದ್ಯೋಗಿಗಳ ಕೆಲಸಕ್ಕೆ ಕುತ್ತು ಬಂತೆಂದು ಹೇಳುವುದಕ್ಕಿಂತ ಕಷ್ಟದ್ದು ಬೇರೆ ಇಲ್ಲ ಎನ್ನುವಾಗ ಅವರ ಗಂಟಲು ಕಟ್ಟಿತ್ತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಎರಡು ವಿಡಿಯೊಗಳಲ್ಲೂ ಸುದ್ದಿ ಕೆಟ್ಟದ್ದೇ, ಎರಡರಲ್ಲೂ ನಾಯಕರು ತಮ್ಮ ಭಾವನೆ ಹೇಳಿಕೊಂಡರು. ಒಬ್ಬರು ನಷ್ಟದಲ್ಲಿ ತಮ್ಮ ಪಾಲನ್ನು ಮೊದಲು ಎಣಿಸಿ ಎಲ್ಲರೆದುರು ಇಟ್ಟರು. ಇನ್ನೊಬ್ಬರ ಮಾತಿನಲ್ಲಿ ಅಂಥ ಪಾಲೇ ಇರಲಿಲ್ಲ. ಕ್ಯಾಮೆರಾ ಆ ಅಂತರವನ್ನು ಮುಚ್ಚಲಿಲ್ಲ, ದೊಡ್ಡದು ಮಾಡಿ ತೋರಿಸಿತು.

ಹೀಗೆ ಹೇಳಿದಾಗ ಬರುವ ಮೊದಲ ಆಕ್ಷೇಪ ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಮುಕ್ತವಾಗಿ ಮಾತಾಡಿದ ನಾಯಕರ ಗತಿ ಏನಾಯಿತು ನೋಡಿ ಎನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ಮೋಹನದಾಸ್ ಪೈ ಜೊತೆಗಿನ ಯೂಟ್ಯೂಬ್ ಸಂವಾದದಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ದೀರ್ಘ ಸಂಭಾಷಣೆಯ ಆ ತುಣುಕೊಂದೇ ದೇಶವಿಡೀ ಸುತ್ತಿತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಒಳಗಿನ ಸಭೆಯ ವಿಡಿಯೊ ಹೊರಬಿತ್ತು. ಶನಿವಾರವೂ ಕೆಲಸ ಏಕೆ ಎಂಬ ಪ್ರಶ್ನೆಗೆ ಅವರು ಭಾನುವಾರವೂ ದುಡಿಸಲಾಗದ್ದಕ್ಕೆ ವಿಷಾದವಿದೆ, ಮನೆಯಲ್ಲಿ ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದಿದ್ದರು, 90 ಗಂಟೆಯ ವಾರದ ಮಾತೂ ಆಡಿದ್ದರು. ಇಂಥ ರಾದ್ಧಾಂತಕ್ಕಿಂತ ಹತ್ತು ಸಲ ತಿದ್ದಿದ ಚಿತ್ರವೇ ಕ್ಷೇಮ ಎಂಬುದು ಸಂವಹನ ವಿಭಾಗಗಳ ತೀರ್ಮಾನ. ಸಂಸ್ಥೆಯ ಮಾನ ಕಾಯುವ ಕೆಲಸದಲ್ಲಿರುವವರಿಗೆ ಹಾಗನ್ನಿಸುವುದು ಸಹಜ. ಆದರೆ ನೌಕರನ ಕಡೆಯಿಂದ ನೋಡಿ. ತನ್ನ ರಜೆಯ ಬಗ್ಗೆ, ತನ್ನ ಮನೆಯ ಬಗ್ಗೆ ಸಂಸ್ಥೆಯ ಮುಖ್ಯಸ್ಥರ ಎಣಿಕೆ ಏನು ಎಂದು ಆತನಿಗೆ ತಿಳಿದದ್ದು ಆ ಉತ್ತರದಿಂದಲೇ. ಆ ಎಣಿಕೆ ತಪ್ಪೆಂದು ಜನ ವಾದಿಸಿದರು, ವೈದ್ಯರು ಬರೆದರು, ಇತರ ಉದ್ಯಮಿಗಳಲ್ಲಿ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕೆಲಸದ ಹೊತ್ತಿನ ಬಗ್ಗೆ ದೇಶದಲ್ಲಿ ಅರ್ಥವುಳ್ಳ ಚರ್ಚೆ ಆಯಿತು. ತಾಳಮದ್ದಳೆಯಲ್ಲಿ ಅರ್ಥಧಾರಿಯ ಯೋಗ್ಯತೆ ಗೊತ್ತಾಗುವುದು ಅವನು ಕಲಿತು ಬಂದ ಪೀಠಿಕೆಯಿಂದಲ್ಲ, ಎದುರು ಅರ್ಥಧಾರಿ ಎಸೆದ ಪ್ರಶ್ನೆಗೆ ಅಲ್ಲೇ ಕೊಡುವ ಉತ್ತರದಿಂದ. ಪ್ರಶ್ನೆ ಎದುರಿಸುವ ನಾಯಕನನ್ನೂ ಹಾಗೆಯೇ ತೂಗಬೇಕು. ತಪ್ಪು ಮಾತು ಹೊರಬಿದ್ದರೆ ತಿದ್ದಬೇಕಾದದ್ದು ಮಾತನ್ನು, ಪ್ರಶ್ನೆ ಕೇಳುವ ಪದ್ಧತಿಯನ್ನಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಲ್ಲರೂ ಓದುವುದಿಲ್ಲ, ಇಂಗ್ಲಿಷ್ ಮೇಲ್‌ನ ನಾಲ್ಕನೇ ಸಾಲಿಗೆ ಕೈಬಿಡುವವರು ಕಚೇರಿಯಲ್ಲೂ ಇದ್ದಾರೆ, ಕಾರ್ಖಾನೆಯಲ್ಲಂತೂ ಇದ್ದೇ ಇದ್ದಾರೆ. ನರಸಾಪುರದಲ್ಲೋ ದೇವನಹಳ್ಳಿಯಲ್ಲೋ ಫೋನು ಜೋಡಿಸುವ ಯುವತಿಗೆ ತನ್ನ ಮೊಬೈಲಿನಲ್ಲಿ, ತನ್ನ ಭಾಷೆಯಲ್ಲಿ ಬರುವ ವಿಡಿಯೊ ಹತ್ತು ಪುಟದ ಸುತ್ತೋಲೆಗಿಂತ ಮೇಲಲ್ಲವೇ? ಮೇಲು, ಹೌದು, ಯಂತ್ರ ನಡೆಸುವುದನ್ನೋ ಸುರಕ್ಷತೆಯ ಕ್ರಮವನ್ನೋ ಕಣ್ಣಿಗೆ ಕಾಣುವಂತೆ ಕಲಿಸಬೇಕಾದಾಗ. ಆದರೆ 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆ ಸಿಡಿದದ್ದು ಸಂಬಳದ ಲೆಕ್ಕಕ್ಕೆ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಹಣ ಸಂದಿರಲಿಲ್ಲವೆಂದು ಕಂಪನಿ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅಲ್ಲಿ ಮೊದಲೇ ಬೇಕಿದ್ದದ್ದು ದುಡಿದ ತಾಸು, ಓಟಿ, ಕಡಿತ ಎಲ್ಲವನ್ನೂ ಕನ್ನಡದಲ್ಲಿ ಸಾಲುಸಾಲಾಗಿ ತೋರಿಸುವ ಒಂದು ಚೀಟಿ, ಮತ್ತು ಅದನ್ನು ಹಿಡಿದು ಹೋದರೆ ಉತ್ತರ ಕೊಡುವ ಒಬ್ಬ ಮನುಷ್ಯ. ಅರ್ಥವಾಗದ ಭಾಷೆಯ ಸಮಸ್ಯೆಯನ್ನು ಓದದ ಜನರ ಸಮಸ್ಯೆಯೆಂದು ತಿಳಿಯುವುದು ಆಡಳಿತದ ಅನುಕೂಲಕ್ಕೆ ಹುಟ್ಟಿದ ತಪ್ಪು. ವಿಡಿಯೊ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಒಳ್ಳೆಯ ಕನ್ನಡ ಬರಹಕ್ಕೆ ಕೊಟ್ಟ ಕಂಪನಿ ಹೆಚ್ಚು ಜನರನ್ನು ತಲುಪುತ್ತದೆ.

ಇನ್ನು ಗಾತ್ರದ ಪ್ರಶ್ನೆ. ಲಕ್ಷಗಟ್ಟಲೆ ನೌಕರರಿರುವ ಕಂಪನಿಯ ಮುಖ್ಯಸ್ಥರು ಎಲ್ಲರಿಗೂ ಉತ್ತರಿಸಲಾರರು, ನಿಜ. 2004ರಲ್ಲಿ ಇನ್ಫೊಸಿಸ್‌ನ ಎಲೆಕ್ಟ್ರಾನಿಕ್ ಸಿಟಿ ಆವರಣಕ್ಕೆ ಬಂದ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್‌ಗೆ ಕಂಪನಿಯ ಆಗಿನ ಮುಖ್ಯಸ್ಥ ನಂದನ್ ನಿಲೇಕಣಿ ತೋರಿಸಿದ ಸಭಾಕೋಣೆಯಲ್ಲಿ 40 ಪರದೆಗಳನ್ನು ಕೂಡಿಸಿ ಮಾಡಿದ ಗೋಡೆಗಾತ್ರದ ಪರದೆಯಿತ್ತು. ಅಮೆರಿಕದ ಎರಡು ತೀರಗಳಿಂದ ಆಸ್ಟ್ರೇಲಿಯಾವರೆಗಿನ ವೇಳೆ ತೋರಿಸುವ ಎಂಟು ಗಡಿಯಾರಗಳಿದ್ದವು. ಆ ಕೋಣೆಯ ಮಹತ್ವ ಪರದೆಯ ಅಗಲದಲ್ಲಿರಲಿಲ್ಲ. ವಿನ್ಯಾಸಕಾರ, ಪ್ರೋಗ್ರಾಮರ್, ತಯಾರಕ ಒಂದೇ ಹೊತ್ತಿಗೆ ಪರಸ್ಪರ ಪ್ರಶ್ನೆ ಕೇಳಬಹುದಿತ್ತು. ನಂತರದ ಎರಡು ದಶಕಗಳಲ್ಲಿ ಆ ಸೌಕರ್ಯ ಎಲ್ಲರ ಜೇಬಿಗೂ ಬಂದರೂ ನಾಯಕರ ವಿಡಿಯೊಗಳು ಹೆಚ್ಚಾಗಿ ಒಮ್ಮುಖವಾದವು. 2025ರ ಜನವರಿಯಲ್ಲಿ ಮೆಟಾ ಅಮೆರಿಕದಲ್ಲಿ ಸತ್ಯಶೋಧನೆಯ ವ್ಯವಸ್ಥೆ ಕೈಬಿಡುವುದನ್ನು ಜುಕರ್‌ಬರ್ಗ್ ಐದು ನಿಮಿಷದ ವಿಡಿಯೊದಲ್ಲಿ ಸಾರಿದರು. ಎದುರು ಯಾರೂ ಇರಲಿಲ್ಲ. ನಿಯಮಗಳ ವಿವರ ಬೇಕಾದವರು ಕಂಪನಿಯ ಇನ್ನೊಬ್ಬ ಅಧಿಕಾರಿ ಬರೆದ ಲೇಖನಕ್ಕೇ ಹೋಗಬೇಕಾಯಿತು. ಗಾತ್ರ ದೊಡ್ಡದಾದರೆ ಪ್ರಶ್ನೆಗಳನ್ನು ಮೊದಲೇ ತರಿಸಬಹುದು, ಹೆಚ್ಚು ಜನ ಕೇಳಿದ್ದನ್ನು ಮೊದಲು ಎತ್ತಿಕೊಳ್ಳಬಹುದು, ಉಳಿದವಕ್ಕೆ ಬರೆದು ಉತ್ತರಿಸಬಹುದು. ಯುವಾನ್ 2020ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ಮುಖವೇ ಪುರಾವೆ ಎಂಬ ಕಾಲ ಈಗ ಮುಗಿದಿದೆ, ಆದ್ದರಿಂದ ಈ ಮಾತಿಗೆ ತುರ್ತು ಬಂದಿದೆ. 2024ರ ಆರಂಭದಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಕಂಪನಿ ಅರುಪ್‌ನ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಕರೆಯಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಂಡು, ಅವರ ಮಾತಿನಂತೆ ಹಾಂಗ್‌ಕಾಂಗಿನ 20 ಕೋಟಿ ಡಾಲರ್ ವರ್ಗಾಯಿಸಿದರು. ಕರೆಯಲ್ಲಿದ್ದ ಮುಖಗಳೆಲ್ಲ ಡೀಪ್‌ಫೇಕ್. ತಮ್ಮ ಮುಖ ಬಳಸಿ ಷೇರು ವಹಿವಾಟಿನ ಆ್ಯಪ್‌ಗಳನ್ನು ಹೊಗಳುವ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ನಾರಾಯಣ ಮೂರ್ತಿಯವರು ಜನರನ್ನು ಎಚ್ಚರಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಕಂಪನಿಯ ಮುಖ್ಯಸ್ಥರು ತಾವಾಗಿಯೇ ಪ್ರತಿರೂಪದಿಂದ ಮಾತಾಡಿಸಿದರೆ, ಮುಖ್ಯಸ್ಥರ ಮುಖ ಕಂಡ ಮಾತ್ರಕ್ಕೆ ನಂಬಬೇಡಿ ಎಂದು ನೌಕರರಿಗೆ ಕೊಟ್ಟ ತರಬೇತಿಯನ್ನು ತಾವೇ ಸಡಿಲಿಸಿದಂತೆ. ಸಮಯ ಉಳಿಯುತ್ತದೆ ಎಂಬುದು ಅವರ ಸಮರ್ಥನೆ. ಬರೆದಿಟ್ಟ ಫಲಿತಾಂಶವನ್ನು ಓದಿ ಹೇಳುವುದಷ್ಟೇ ಕೆಲಸವಾದರೆ ಅದನ್ನು ಕಾಗದದಲ್ಲೇ ಕೊಡಬಹುದು. ಹೂಡಿಕೆದಾರರಿಗೂ ಸಮಯ ಉಳಿಯುತ್ತದೆ.

ಆದ್ದರಿಂದ ಸಂವಹನ ವಿಭಾಗಗಳಲ್ಲಿ ಕೆಲಸ ಮಾಡುವವರನ್ನು, ಅದರಲ್ಲೂ ಬೆಂಗಳೂರಿನ ಕಂಪನಿಗಳಲ್ಲಿ ಟೌನ್‌ಹಾಲ್ ಏರ್ಪಡಿಸುವವರನ್ನು, ಕೇಳಿಕೊಳ್ಳಬೇಕಾದ್ದು ಇಷ್ಟು. ನಿರ್ಧಾರ ಏನು, ಕಾರಣ ಏನು ಎಂಬುದನ್ನು ವಿಡಿಯೊಗೆ ಮೊದಲೇ ಬರಹದಲ್ಲಿ ಕೊಡಿ, ಕನ್ನಡ ಓದುವವರಿಗೆ ಕನ್ನಡದಲ್ಲೂ ಕೊಡಿ. ಮುಖ್ಯಸ್ಥರನ್ನು ಕ್ಯಾಮೆರಾ ಮುಂದೆ ಕೂರಿಸುವುದಾದರೆ ಟೆಲಿಪ್ರಾಂಪ್ಟರ್ ಆರಿಸಿ, ಹೊತ್ತಿನ ಹೆಚ್ಚು ಪಾಲನ್ನು ಪ್ರಶ್ನೆಗಳಿಗೆ ಬಿಡಿ. ಆ ಪ್ರಶ್ನೆ, ಉತ್ತರಗಳ ವಿಡಿಯೊವನ್ನು ಕತ್ತರಿಸದೆ ಎಲ್ಲ ನೌಕರರಿಗೂ ಸಿಗುವಂತೆ ಇಡಿ.